ಚೋರ್ಲಾ ಘಾಟ್‌ನಲ್ಲಿ ಪೆಡಲ್ ಮೆತ್ತಗಾದದ್ದಕ್ಕೆ

ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟ್ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು, ಅರ್ಧ ತಾಸು ನಿಲ್ಲಿಸಿದ ಮೇಲೆ ಸರಿಯಾಯಿತು ಅಂದಿರಲ್ಲ, ಬಹುತೇಕ ಬ್ರೇಕ್ ಆಯಿಲ್ ಕುದ್ದಿದೆ. ಬರೀ ಪ್ಯಾಡ್ (ಚಕ್ರದ ಡಿಸ್ಕ್ ಒತ್ತಿ ಹಿಡಿಯುವ ತುಂಡು) ಕಾದಿದ್ದರೆ ಪೆಡಲ್ ಗಟ್ಟಿಯೇ ಇರುತ್ತಿತ್ತು, ಗಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ಗ್ರೇಡಿನ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ನೀರು ಸೇರಿದ ಮೇಲೆ ಆ ಮಟ್ಟ 155. ರೇಸಿನವರು ಪದೇ ಪದೇ ಆಯಿಲ್ ಬದಲಿಸುವುದು ಇದಕ್ಕೇ.

ಮೊದಲು ಪ್ಯಾಡ್ ನೋಡಿಸ್ರಿ. ಸವೆದು 3 ಮಿ.ಮೀ.ಗಿಂತ ತೆಳುವಾಗಿದ್ದರೆ ಬದಲಿಸ್ರಿ, ತೆಳು ಪ್ಯಾಡ್ ಕಾವನ್ನೆಲ್ಲ ಆಯಿಲಿಗೆ ದಾಟಿಸುತ್ತದೆ. ಆಮೇಲೆ ಆಯಿಲ್ ಪೂರ್ತಿ ಬದಲಿ. ಸೀಲ್ ಒಡೆಯದ 1 ಲೀಟರ್ ಸಾಕು, ಗ್ರೇಡ್ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಅಂದರೆ ಸಿಲಿಕಾನ್, ಬೆರೆಸಬೇಡ್ರಿ. ಹಳೆ ಆಯಿಲ್ ಯಾವ ಚಕ್ರದಿಂದ ಮೊದಲು ಬಿಡಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನ್ಯುಯಲ್ ನೋಡ್ರಿ. ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಗುಳ್ಳೆ ನಿಂತು ತಿಳಿ ಆಯಿಲ್ ಬರುವ ತನಕ ಬಿಡ್ರಿ. ಎಡವುವುದು ಇಲ್ಲೇ: ಮೇಲಿನ ಟ್ಯಾಂಕ್ ಖಾಲಿಯಾಗಿ ಗಾಳಿ ಎಳೆದುಕೊಂಡರೆ ಎಲ್ಲಾ ಮತ್ತೆ ಮೊದಲಿಂದ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರೀರಿ.

ತಣ್ಣಗಿದ್ದಾಗಲೂ ಕಾಲಿಟ್ಟರೆ ಪೆಡಲ್ ನಿಧಾನ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಮೇಲೆ ಅನುಮಾನ, ಅದನ್ನು ಬಿಚ್ಚಿ ನೋಡದೆ ಹೇಳಲಾಗದು. ಅಲ್ಲಿವರೆಗೆ ಘಾಟ್ ಬೇಡ್ರಿ. ಮುಂದಿನ ಸಲ ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬರ್ರಿ.