ಆರು ವಾರದ ಕೋರ್ಸ್‌ನಿಂದ ಮನಃಶಾಸ್ತ್ರ ಶುರು ಮಾಡಲಾ?

ಪ್ರಶ್ನೆ: ಮೇಡಂ, ನನಗೆ 32 ವರ್ಷ, ಬಿ.ಕಾಂ. ಆಗಿದೆ. ಚಿಂತಾಮಣಿಯ ಮೆಡಿಕಲ್ ಶಾಪ್‌ನಲ್ಲಿ ಕೆಲಸ. ನಿದ್ದೆ ಮಾತ್ರೆಗೆ ಬರುವವರು ಚೀಟಿ ಕೈಯಲ್ಲೇ ಹಿಡಿದು ಮನೆಯ ಕಷ್ಟವೆಲ್ಲ ಹೇಳಿಕೊಳ್ಳುತ್ತಾರೆ. ವಿಶ್ವವಿದ್ಯಾಲಯವೊಂದರ ಆರು ವಾರದ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್ ಸೇರಿದರೆ ಕೌನ್ಸೆಲರ್ ಆಗಬಹುದಾ?
– ಹೆಸರು ಬೇಡ, ಚಿಂತಾಮಣಿ

ಉತ್ತರ: ಸೇರಿಕೊಳ್ಳಿ ತಂಗಿ. ಆದರೆ ಕಲಿಯೋಕೆ ಸೇರಿ, ಬೋರ್ಡ್ ಹಾಕೋಕೆ ಅಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ತೊಂದರೆಗೆ ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞೆ ಆಗಲು ವರ್ಷಗಟ್ಟಲೆ ಓದಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ದುಡ್ಡು ಕಟ್ಟುವ ಮೊದಲು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ‘ಸ್ವಯಂ’ ನೋಡಿ. ಅಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಶುಲ್ಕ.

ಮೊದಲ ಪಾಠದಲ್ಲಿ ಜರ್ಮನಿಯ ಮನಃಶಾಸ್ತ್ರಜ್ಞ ವುಂಟ್ ಬರುತ್ತಾರೆ, ಅವರು 1879ರಲ್ಲಿ ಲೈಪ್‌ಜಿಗ್ ಊರಲ್ಲಿ ತೆರೆದ ಮನಃಶಾಸ್ತ್ರದ ಪ್ರಯೋಗಾಲಯ ಬರುತ್ತದೆ. ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಬರುವುದಿಲ್ಲ, ಅದು ನನಗೆ ಬೇಜಾರು. 1935ರಲ್ಲಿ ಮನೆಯಿಂದಲೇ ‘ಆಕಾಶವಾಣಿ’ ಅನ್ನೋ ಹೆಸರಲ್ಲಿ ರೇಡಿಯೊ ಕೇಂದ್ರ ಶುರು ಮಾಡಿದವರು ಮನಃಶಾಸ್ತ್ರದ ಮೇಷ್ಟ್ರು!

ನನಗೆ ಇಷ್ಟವಾದದ್ದು ಮರೆವಿನ ಪಾಠ. ಜರ್ಮನಿಯ ಮನಃಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಪದಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು, 1885ರಲ್ಲಿ ಪ್ರಕಟಿಸಿದರು. ಕೋಲಾರದಲ್ಲಿ ಪಾಠ ಮಾಡುವಾಗ ನಾನೂ ‘ಟುಪ, ಲೆಗ, ಮಿಜ’ ಅಂತ 13 ಪದ ಬರೆಸಿದ್ದೆ. ಮರುದಿನ ಹುಡುಗಿಯೊಬ್ಬಳಿಗೆ ನೆನಪಿದ್ದದ್ದು ಮೂರೇ. ಅದಕ್ಕೇ ಹೇಳ್ತೀನಿ, ವಿಡಿಯೊ ಸುಮ್ನೆ ನೋಡಿ ಬಿಡಬೇಡಿ. ಅವತ್ತೇ ರಾತ್ರಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ, ಮರುದಿನ ನೋಡದೆ ಹೇಳಿಕೊಳ್ಳಿ.

ಅಂಗಡಿಗೆ ತೀರಾ ನೊಂದು ಬಂದವರಿಗೆ ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡಿ. ಉಚಿತ. ಕನ್ನಡದಲ್ಲೇ ಮಾತಾಡಬಹುದು.