ಹಾಡನ್ನು ಉಲ್ಟಾ ಓಡಿಸಿದರೆ ಸೈತಾನನ ಮಾತು ಕೇಳುತ್ತಾ?

ನೀವು ಕೇಳಿರುವುದು ಇಷ್ಟು. ಪಿಯುಸಿ ಓದುವ ನಿಮ್ಮ ತಮ್ಮ ಇಂಗ್ಲಿಷ್ ಹಾಡು ಕೇಳುವುದನ್ನೇ ಬಿಟ್ಟಿದ್ದಾನೆ. ಹಾಡುಗಳನ್ನು ಉಲ್ಟಾ ಓಡಿಸಿದರೆ ಸೈತಾನನ ಸ್ತುತಿ ಕೇಳುತ್ತದಂತೆ, ದೊಡ್ಡ ಗಾಯಕರೆಲ್ಲ ಇಲ್ಯುಮಿನಾಟಿ ಅನ್ನೋ ಗುಪ್ತ ಸಂಘದವರಂತೆ, ವಿಡಿಯೋಗಳಲ್ಲಿ ಕಾಣುವ ಒಂಟಿ ಕಣ್ಣು, ತ್ರಿಕೋನ ಎಲ್ಲ ಅವರ ಗುರುತಂತೆ. ರಾತ್ರಿಯೆಲ್ಲ ವಿಡಿಯೋ ನೋಡಿ ಹೆದರಿಕೊಂಡಿದ್ದಾನೆ. ಇದರಲ್ಲಿ ನಿಜ ಎಷ್ಟು, ಅವನ ಹತ್ತಿರ ಹೇಗೆ ಮಾತಾಡೋದು ಅಂತ ನಿಮ್ಮ ಪ್ರಶ್ನೆ.

ಬಚ್ಚಿಟ್ಟ ಸಂದೇಶಗಳ ಕಥೆ ಸುಳ್ಳು. ಮಾಟ, ಮಂತ್ರ, ಗೂಢವಿದ್ಯೆಗಳ ಹುಚ್ಚು ಹಿಡಿಸಿಕೊಂಡ ಕಲಾವಿದರು ಇದ್ದದ್ದು ನಿಜ. ಆದರೆ ಅವರು ಅದನ್ನು ಬಚ್ಚಿಡಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ತೋರಿಸಿದರು. ನಾನು ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್. ಹೆವಿ ಮೆಟಲ್ ಅನ್ನೋ ಅಬ್ಬರದ ರಾಕ್ ಸಂಗೀತ ಕೇಳಿಕೊಂಡೇ ಬೆಳೆದವನು. ಹಾಗಾಗಿ ಮೊದಲು ಉಲ್ಟಾ ಹಾಡಿನ ವಿಷಯಕ್ಕೆ ಬರ್ತೀನಿ.

ಸದ್ದನ್ನು ಉಲ್ಟಾ ಮಾಡುವುದು ನಮ್ಮ ಕೆಲಸದಲ್ಲಿ ಮಾಮೂಲಿ. ಪಲ್ಲವಿ ಶುರುವಾಗುವ ಮುಂಚೆ ಉಸ್ಸ್ ಅಂತ ಉಬ್ಬಿಕೊಂಡು ಬಂದು ಗಕ್ಕನೆ ನಿಲ್ಲುವ ಒಂದು ಸದ್ದು ಸುಮಾರು ಹಾಡುಗಳಲ್ಲಿ ಇರುತ್ತದೆ. ಸಿಂಬಲ್, ಅಂದರೆ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಅದರ ಮೇಲೆ ಬಿದ್ದ ಪೆಟ್ಟನ್ನೇ ರಿವರ್ಸ್ ಮಾಡಿ ಇಟ್ಟಿರುತ್ತಾರೆ, ಅಷ್ಟೇ. ತಬಲಾದ ಪೆಟ್ಟು ನೋಡಿ. ಮೊದಲು ಜೋರಾಗಿ ಬೀಳುತ್ತದೆ, ಆಮೇಲೆ ನಿಧಾನವಾಗಿ ಆರುತ್ತದೆ. ಉಲ್ಟಾ ಮಾಡಿದರೆ ಎಲ್ಲಿಂದಲೋ ತೇಲಿ ಬಂದು ಪೆಟ್ಟಿನಲ್ಲಿ ಮುಗಿಯುತ್ತದೆ. ಬಾರಿಸಿದ ಪೆಟ್ಟು ಹೀಗೆ ನುಡಿಯುವುದಿಲ್ಲ, ಯಾರ ಗಂಟಲೂ ಹೀಗೆ ಮಾತಾಡುವುದಿಲ್ಲ. ಅದಕ್ಕೇ ಉಲ್ಟಾ ಸದ್ದು ಕೇಳಿದರೆ ಮೈ ಜುಮ್ ಅನ್ನುತ್ತದೆ. ಆ ಭಯ ಹುಟ್ಟುವುದಕ್ಕೆ ಸೈತಾನ ಬೇಕಿಲ್ಲ. ಅನ್ನಮಯ್ಯನ ಕೀರ್ತನೆಯನ್ನು ಉಲ್ಟಾ ಹಾಕಿದರೂ ಅದೇ ಭಯ ಆಗುತ್ತದೆ.

ಇನ್ನೊಂದು ವಿಷಯ. ಉಲ್ಟಾ ಮಾಡಿದಾಗ ತಿರುಗುವುದು ಅಕ್ಷರ ಅಲ್ಲ, ಸದ್ದು. 'ರಾಮ' ಅಂತ ರೆಕಾರ್ಡ್ ಮಾಡಿ ತಿರುಗಿಸಿದರೆ ವಾಲ್ಮೀಕಿಯ ಕಥೆಯ 'ಮರಾ' ಬರುವುದಿಲ್ಲ, 'ಅಮಾರ್' ಅನ್ನೋ ಹಾಗೆ ಏನೋ ಬರುತ್ತದೆ. ಪ, ಟ, ಕ ಥರದ ಸದ್ದುಗಳು ಗುರುತೇ ಸಿಗದ ಹಾಗೆ ಕಲಸಿಹೋಗುತ್ತವೆ. ಸ, ಶ ಮಾತ್ರ ಯಾವ ಕಡೆಯಿಂದ ಓಡಿಸಿದರೂ ಹೆಚ್ಚುಕಮ್ಮಿ ಹಾಗೇ ಕೇಳುತ್ತವೆ, ಯಾಕೆಂದರೆ ಅವು ಬರೀ ಸುಯ್ ಅನ್ನೋ ಗಾಳಿ. ಇಂಗ್ಲಿಷ್ ಹಾಡಿನಲ್ಲಿ ಆ ಸುಯ್ ಸದ್ದಿಗೆ ಬರಗಾಲವೇ ಇಲ್ಲ. 'ಇಲ್ಲಿ ಸೇಟನ್ ಅಂತ ಬರುತ್ತೆ, ಕೇಳು' ಅಂತ ಮೊದಲೇ ಹೇಳಿಕೊಟ್ಟರೆ ಕಿವಿ ಆ ಸುಯ್ ಹಿಡಿದುಕೊಂಡು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ನಿಮ್ಮ ತಮ್ಮ ನೋಡುವ ವಿಡಿಯೋಗಳಲ್ಲಿ ಸದ್ದು ಬರುವ ಹೊತ್ತಿಗೇ ಪರದೆ ಮೇಲೆ ಆ ಸಾಲನ್ನು ಬರೆದು ತೋರಿಸುತ್ತಾರೆ. ಆ ಬರಹ ತೆಗೆದುಬಿಟ್ಟರೆ ಏನೂ ಕೇಳಿಸುವುದಿಲ್ಲ.

ಇದನ್ನು ಕೆನಡಾದ ಲೆತ್‌ಬ್ರಿಡ್ಜ್ ವಿಶ್ವವಿದ್ಯಾಲಯದ ಜಾನ್ ವೋಕಿ ಮತ್ತು ಡಾನ್ ರೀಡ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದರು. ಉಲ್ಟಾ ಮಾತು ಕೇಳಿದವರು ಮಾತಾಡುತ್ತಿರುವುದು ಗಂಡಸೋ ಹೆಂಗಸೋ ಅಂತ ಚೆನ್ನಾಗಿಯೇ ಹೇಳಿದರು. ಆದರೆ ಅದು ಮಕ್ಕಳ ಪದ್ಯವೋ, ದೇವರ ಮಾತೋ, ಸೈತಾನನ ಮಾತೋ, ಜಾಹೀರಾತೋ ಅಂತ ವಿಂಗಡಿಸಿ ಅಂದಾಗ ಸುಮ್ನೆ ಊಹೆ ಮಾಡಿದಷ್ಟೇ ಸರಿ ಬಂತು. ಆಮೇಲೆ ಬೈಬಲಿನ 23ನೇ ಕೀರ್ತನೆಯಂಥ ಪಠ್ಯಗಳನ್ನು ಉಲ್ಟಾ ಹಾಕಿ, ಇಂಥ ಸಾಲು ಇದೆ ಕೇಳಿ ಅಂತ ಮೊದಲೇ ಹೇಳಿದರು. ಆಗ ಬಹುಪಾಲು ಜನರಿಗೆ ಅದು ಕೇಳಿಸಿತು!

ಬೇಕೆಂದೇ ಉಲ್ಟಾ ಮಾತು ಸೇರಿಸಿದ ಹಾಡುಗಳೂ ಇವೆ. ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಅನ್ನೋ ಬ್ಯಾಂಡ್ 1975ರಲ್ಲಿ ಮಾಡಿತು, ಪಿಂಕ್ ಫ್ಲಾಯ್ಡ್ ಬ್ಯಾಂಡ್ 1979ರಲ್ಲಿ ಮಾಡಿತು. ಆದರೆ ಅಲ್ಲಿ ಹಾಡನ್ನು ಸರಿಯಾಗಿ ಓಡಿಸಿದಾಗ ಆ ಜಾಗದಲ್ಲಿ ಅರ್ಥವಿಲ್ಲದ ಗೊಣಗಾಟ ಕೇಳುತ್ತದೆ. ಇಲ್ಲೇನೋ ಇದೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಮುಂದಿನಿಂದ ಅರ್ಥವಿರುವ ಸಾಲು ಹಾಡಿ, ಅದೇ ಸಾಲು ಹಿಂದಿನಿಂದ ಇನ್ನೊಂದು ಪೂರ್ತಿ ವಾಕ್ಯ ಆಗುವಂತೆ ಮಾಡೋದು ಎಷ್ಟು ಕಷ್ಟ ಅಂತ ಮೈಕ್ ಮುಂದೆ ನಿಂತವರಿಗೆ ಗೊತ್ತು. ಹೀಗಿದ್ದೂ 1982ರಲ್ಲಿ ಕ್ಯಾಲಿಫೋರ್ನಿಯಾ ವಿಧಾನಸಭೆಯ ಒಂದು ಸಮಿತಿ ಲೆಡ್ ಜೆಪ್ಪೆಲಿನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಹಾಡನ್ನು ಉಲ್ಟಾ ಹಾಕಿ ಕೇಳಿತು.

ಇದೆಲ್ಲ ಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು, ಮತ್ತು ಆ ಕಥೆ ಬಹಳ ದುಃಖದ್ದು. ಅಮೆರಿಕದ ನೆವಾಡಾ ರಾಜ್ಯದಲ್ಲಿ 1985ರ ಡಿಸೆಂಬರ್‌ನಲ್ಲಿ 18 ಮತ್ತು 20 ವರ್ಷದ ಇಬ್ಬರು ಹುಡುಗರು ಕುಡಿದು, ಜೂಡಸ್ ಪ್ರೀಸ್ಟ್ ಅನ್ನೋ ಬ್ರಿಟಿಷ್ ಬ್ಯಾಂಡಿನ ಹಾಡು ಕೇಳಿ, ಆತ್ಮಹತ್ಯೆಗೆ ಮುಂದಾದರು. ಒಬ್ಬ ಅಲ್ಲೇ ಸತ್ತ. ಇನ್ನೊಬ್ಬ ಗಾಯಗೊಂಡು ಉಳಿದು ಮೂರು ವರ್ಷದ ಮೇಲೆ ತೀರಿಕೊಂಡ. ಮನೆಯವರು ಬ್ಯಾಂಡ್ ಮೇಲೆ, ರೆಕಾರ್ಡ್ ಕಂಪನಿ ಮೇಲೆ ಕೇಸ್ ಹಾಕಿದರು. 1978ರ ಆಲ್ಬಂ ಒಂದರ ಹಾಡಿನಲ್ಲಿ 'ಮಾಡು' ಅನ್ನೋ ಅರ್ಥದ ಎರಡು ಪದ ಬಚ್ಚಿಟ್ಟಿದ್ದಾರೆ ಅನ್ನೋದು ಆರೋಪ. 1990ರಲ್ಲಿ ರೀನೋ ನಗರದಲ್ಲಿ ವಿಚಾರಣೆ ನಡೆಯಿತು. ಜೂರಿ ಇರಲಿಲ್ಲ, ನ್ಯಾಯಾಧೀಶ ಜೆರ್ರಿ ಕಾರ್ ವೈಟ್‌ಹೆಡ್ ಒಬ್ಬರೇ ಕೇಳಿದರು. ಗಾಯಕ ರಾಬ್ ಹಾಲ್ಫರ್ಡ್ ತಮ್ಮದೇ ಹಾಡುಗಳನ್ನು ಉಲ್ಟಾ ಹಾಕಿ, ಅದರಲ್ಲಿ 'ಅಮ್ಮಾ, ನನ್ನ ಕುರ್ಚಿ ಮುರಿದಿದೆ' ಅನ್ನೋ ಥರದ ಅಸಂಬದ್ಧ ಸಾಲುಗಳೂ ಕೇಳುತ್ತವೆ ಅಂತ ತೋರಿಸಿದರು. ಕೊನೆಗೆ ನ್ಯಾಯಾಧೀಶರು ಹೇಳಿದ್ದು: ಆ ಎರಡು ಪದದಂತೆ ಕೇಳುವ ಸದ್ದು ಇದೆ, ಆದರೆ ಅದು ಗಿಟಾರ್ ಸದ್ದೂ ಹಾಡುವವನ ಉಸಿರೂ ಆಕಸ್ಮಿಕವಾಗಿ ಸೇರಿ ಹುಟ್ಟಿದ್ದು, ಬೇಕೆಂದು ಇಟ್ಟದ್ದಲ್ಲ. ಕೇಸ್ ಬಿದ್ದುಹೋಯಿತು.

ಆ ತೀರ್ಪು ನನಗೆ ಸರಿ ಅನಿಸುತ್ತದೆ. ಒಂದೊಂದು ಟ್ರ್ಯಾಕ್ ಬಿಡಿಬಿಡಿಯಾಗಿ ಕೇಳಿದರೆ ಇರದ ಪದ, ಎಲ್ಲ ಸೇರಿಸಿ ಮಿಕ್ಸ್ ಮಾಡಿದಾಗ ಹುಟ್ಟಿಕೊಳ್ಳುವುದನ್ನು ನಾನು ಕೆಲಸದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದರೆ ಆ ತಾಯಂದಿರ ಮೇಲೆ ನನಗೆ ಸಿಟ್ಟಿಲ್ಲ. ಮಗ ಯಾಕೆ ಹೋದ ಅನ್ನೋ ಪ್ರಶ್ನೆಗೆ ಉತ್ತರ ಸಿಗದಾಗ ಯಾವುದಾದರೂ ಒಂದು ಉತ್ತರ ಬೇಕೇ ಬೇಕು ಅನಿಸುತ್ತದೆ. ಕುಡಿತ, ಮನೆಯ ಜಗಳ, ಕೆಲಸ ಇಲ್ಲದ್ದು, ಇವನ್ನೆಲ್ಲ ಎದುರಿಗಿಟ್ಟುಕೊಂಡು ನೋಡುವುದಕ್ಕಿಂತ ಕ್ಯಾಸೆಟ್ಟಿನೊಳಗಿನ ಸೈತಾನ ಸುಲಭ.

ಇನ್ನು ಇಲ್ಯುಮಿನಾಟಿ. ಆ ಹೆಸರಿನ ಸಂಘ ಇದ್ದದ್ದು ನಿಜ. 1776ರ ಮೇ 1ರಂದು ಜರ್ಮನಿಯ ಬವೇರಿಯಾ ಪ್ರಾಂತ್ಯದ ಇಂಗೋಲ್‌ಸ್ಟಾಟ್ ಊರಿನಲ್ಲಿ ಆಡಮ್ ವೈಶಾಪ್ಟ್ ಅನ್ನೋ ಪ್ರೊಫೆಸರ್ ಕಟ್ಟಿದರು. ಚರ್ಚಿನ ಹಿಡಿತದಿಂದ ವಿದ್ಯೆಯನ್ನು ಬಿಡಿಸಬೇಕು ಅನ್ನೋದು ಅವರ ಹಂಬಲ. ಹತ್ತು ವರ್ಷವೂ ಆಗಿರಲಿಲ್ಲ, ಅಲ್ಲಿನ ಸರ್ಕಾರ ನಿಷೇಧ ಹಾಕಿ ಮುಚ್ಚಿಸಿತು. ಅವರ ಗುರುತು ಕಣ್ಣೂ ಅಲ್ಲ, ತ್ರಿಕೋನವೂ ಅಲ್ಲ, ಗೂಬೆ. ಡಾಲರ್ ನೋಟಿನ ಮೇಲಿನ ಪಿರಮಿಡ್ಡು, ಕಣ್ಣು ಬಂದದ್ದು 1782ರಲ್ಲಿ ಒಪ್ಪಿದ ಅಮೆರಿಕದ ರಾಜಮುದ್ರೆಯಿಂದ. ಅದು ನೋಟಿಗೆ ಬಿದ್ದದ್ದು 1935ರಲ್ಲಿ. ಆ ಕಣ್ಣು ಕ್ರೈಸ್ತ ಚಿತ್ರಕಲೆಯಲ್ಲಿ ದೇವರ ಕಣ್ಣು.

ಫ್ರೆಂಚ್ ಕ್ರಾಂತಿ ಆದ ಮೇಲೆ ಹೆದರಿಕೊಂಡಿದ್ದ ಇಬ್ಬರು ಲೇಖಕರು 1797ರಲ್ಲಿ, ಆ ಕ್ರಾಂತಿ ಇಲ್ಯುಮಿನಾಟಿಗಳ ಕೆಲಸ ಅಂತ ಪುಸ್ತಕ ಬರೆದರು. ಇಂದಿನ ವಿಡಿಯೋಗಳಿಗೆ ಬೇರು ಅಲ್ಲಿದೆ. ಅಮೆರಿಕದ ರ‍್ಯಾಪ್ ಗಾಯಕ ಜೇ ಝೀ ಎರಡು ಕೈ ಸೇರಿಸಿ ತೋರಿಸುವ ಆಕಾರವನ್ನು ತ್ರಿಕೋನ ಅಂತಾರೆ. ಅದು ಅವರ ರೆಕಾರ್ಡ್ ಕಂಪನಿಯ ವಜ್ರದ ಗುರುತು. 2005ರಲ್ಲಿ ಡೈಮಂಡ್ ಡಲ್ಲಾಸ್ ಪೇಜ್ ಅನ್ನೋ ಕುಸ್ತಿಪಟು ಇದು ನನ್ನ ಗುರುತು, ಕದ್ದಿದ್ದಾರೆ ಅಂತ ಕೇಸೇ ಹಾಕಿದ್ದರು. ತ್ರಿಕೋನ ಕಂಡಲ್ಲೆಲ್ಲ ಸಂಚು ಇದೆ ಅಂದರೆ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ಏನನ್ನಬೇಕು? ಶ್ರೀಚಕ್ರದಲ್ಲಿ ಒಂಬತ್ತು ತ್ರಿಕೋನಗಳಿವೆ ಅಲ್ವಾ?

ಮೆಟಲ್ ಕಾರ್ಯಕ್ರಮಗಳಲ್ಲಿ ತೋರುಬೆರಳು, ಕಿರುಬೆರಳು ಎತ್ತಿ ತೋರಿಸುವ ಕೊಂಬಿನ ಸನ್ನೆ ಬಗ್ಗೆಯೂ ಒಂದು ಮಾತು. ಅದನ್ನು ಜನಪ್ರಿಯ ಮಾಡಿದವರು ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೊ. ಅವರೇ ಹೇಳಿದಂತೆ ಅದನ್ನು ಕಲಿತದ್ದು ಇಟಲಿ ಮೂಲದ ತಮ್ಮ ಅಜ್ಜಿಯಿಂದ. ಆ ಅಜ್ಜಿ ಅದನ್ನು ಮಾಡುತ್ತಿದ್ದದ್ದು ಕೆಟ್ಟ ಕಣ್ಣು ತಾಗದಿರಲಿ ಅಂತ, ನಮ್ಮ ಅಜ್ಜಿಯರು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ ಹಾಗೆ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಅನ್ನೋ ಮೆಟಲ್ ಬ್ಯಾಂಡ್ ಬಂದಾಗ ಸಾವಿರಾರು ಹುಡುಗರು ಆ ಸನ್ನೆ ಮಾಡಿದರು. ಯಾರಿಗೂ ಏನೂ ಆಗಲಿಲ್ಲ, ಗಂಟಲು ಕಟ್ಟಿದ್ದು ಬಿಟ್ಟರೆ.

ನಿಜ ಇರುವುದನ್ನೂ ತಮ್ಮನಿಗೆ ಹೇಳಿ, ಇಲ್ಲದಿದ್ದರೆ ಅವನು ನಿಮ್ಮ ಮಾತು ನಂಬುವುದಿಲ್ಲ. ಲೆಡ್ ಜೆಪ್ಪೆಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್‌ಗೆ ಅಲಿಸ್ಟರ್ ಕ್ರೌಲಿ ಅನ್ನೋ ಇಂಗ್ಲಿಷ್ ತಾಂತ್ರಿಕನ ಮೇಲೆ ಬಹಳ ಆಸಕ್ತಿ. ಸ್ಕಾಟ್ಲೆಂಡಿನಲ್ಲಿ ಕ್ರೌಲಿ ಇದ್ದ ಬೋಲ್‌ಸ್ಕಿನ್ ಮನೆಯನ್ನೇ ಕೊಂಡುಕೊಂಡರು. 1970ರ ಆಲ್ಬಂನ ರೆಕಾರ್ಡ್ ತಟ್ಟೆಯಲ್ಲಿ, ಹಾಡು ಮುಗಿಯುವ ಒಳಗಿನ ಗೀರಿನ ಹತ್ತಿರ, ಕ್ರೌಲಿಯ ಸಾಲು ಕೆತ್ತಿಸಿದರು. ಬೀಟಲ್ಸ್ ಬ್ಯಾಂಡಿನ 1967ರ ಆಲ್ಬಂ ಮುಖಪುಟದಲ್ಲಿ ಕ್ರೌಲಿಯ ಮುಖವೂ ಇದೆ. 2021ರಲ್ಲಿ ಲಿಲ್ ನ್ಯಾಸ್ ಎಕ್ಸ್ ಅನ್ನೋ ರ‍್ಯಾಪ್ ಗಾಯಕನ ಹೆಸರಲ್ಲಿ 'ಸೈತಾನನ ಶೂ' ಮಾರಾಟಕ್ಕೆ ಬಂತು. ಒಟ್ಟು 666 ಜೊತೆ, ಒಂದು ಜೊತೆಯ ಬೆಲೆ 1,018 ಡಾಲರ್. ಅಡಿಯಲ್ಲಿ ಒಂದು ಹನಿ ಮನುಷ್ಯರ ರಕ್ತ ಇದೆ ಅಂತ ಅವರೇ ಹೇಳಿಕೊಂಡರು. ಒಂದು ನಿಮಿಷದೊಳಗೆ ಬಹುತೇಕ ಎಲ್ಲ ಖಾಲಿ. ಇಲ್ಲಿ ಗುಟ್ಟು ಎಲ್ಲಿದೆ? ಸೈತಾನನ ಹೆಸರು ಹೇಳಿದರೆ ಜನ ತಿರುಗಿ ನೋಡ್ತಾರೆ, ದುಡ್ಡು ಬರುತ್ತದೆ. ಬಚ್ಚಿಟ್ಟರೆ ಯಾರಿಗೆ ಲಾಭ?

ನನಗೆ ಈ ವಿಷಯದಲ್ಲಿ ನಿಜವಾಗಿ ಸಂಕಟ ಆಗುವುದು ಬೇರೆ ಕಾರಣಕ್ಕೆ. 2021ರ ನವೆಂಬರ್ 5ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ರ‍್ಯಾಪ್ ಗಾಯಕ ಟ್ರಾವಿಸ್ ಸ್ಕಾಟ್ ಕಾರ್ಯಕ್ರಮದಲ್ಲಿ ನೂಕುನುಗ್ಗಲಾಗಿ ಹತ್ತು ಜನ ಸತ್ತರು. ಅವರಲ್ಲಿ ಒಂಬತ್ತು ವರ್ಷದ ಮಗುವೂ ಇತ್ತು. ಎದೆ ಒತ್ತಿ ಉಸಿರು ಕಟ್ಟಿ ಸತ್ತದ್ದು ಅಂತ ವೈದ್ಯಕೀಯ ವರದಿ ಹೇಳಿತು. ಆದರೆ ವೇದಿಕೆ ನರಕದ ಬಾಗಿಲ ಥರ ಇತ್ತು, ಅದು ಬಲಿ ಅಂತ ಕೆಲವೇ ಗಂಟೆಗಳಲ್ಲಿ ವಿಡಿಯೋಗಳು ಹರಿದಾಡಿದವು. ಜನ ಎಷ್ಟು ಸೇರಿದ್ದರು, ಬೇಲಿ ಎಲ್ಲಿ ಹಾಕಿದ್ದರು, ಕಾರ್ಯಕ್ರಮವನ್ನು ತಕ್ಷಣ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳಬೇಕಾದ ಹೊತ್ತಿನಲ್ಲಿ ಲಕ್ಷಾಂತರ ಜನ ಟ್ರಾವಿಸ್ ಹಾಕಿದ್ದ ಟೀ ಶರ್ಟಿನ ಚಿತ್ರ ಅಳೆಯುತ್ತಾ ಕೂತರು.

ಅದಕ್ಕಿಂತ ಘೋರವಾದದ್ದು ಅಮೆರಿಕದ ಅರ್ಕಾನ್ಸಾ ರಾಜ್ಯದ ವೆಸ್ಟ್ ಮೆಂಫಿಸ್ ಊರಿನ ಕಥೆ. 1993ರ ಮೇ ತಿಂಗಳಲ್ಲಿ ಅಲ್ಲಿ ಎಂಟು ವರ್ಷದ ಮೂವರು ಹುಡುಗರ ಕೊಲೆಯಾಯಿತು. ಇದು ಸೈತಾನ ಪೂಜೆಯವರ ಕೆಲಸ ಅಂತ ಪೊಲೀಸರು ತೀರ್ಮಾನಿಸಿದರು. ಮೂವರು ಹದಿಹರೆಯದವರನ್ನು ಹಿಡಿದರು. ಅವರಲ್ಲಿ ಡೇಮಿಯನ್ ಎಕಲ್ಸ್ ಕಪ್ಪು ಬಟ್ಟೆ ಹಾಕುತ್ತಿದ್ದ, ಮೆಟಾಲಿಕಾ ಅನ್ನೋ ಮೆಟಲ್ ಬ್ಯಾಂಡಿನ ಹಾಡು ಕೇಳುತ್ತಿದ್ದ, ಭಯದ ಕಾದಂಬರಿ ಓದುತ್ತಿದ್ದ. ಕೋರ್ಟಿನಲ್ಲಿ ಅವನ ಓದು, ಹಾಡು, ಬಟ್ಟೆಯನ್ನೇ ಅವನ ವಿರುದ್ಧ ಎತ್ತಿ ಹಿಡಿದರು. ಗೂಢವಿದ್ಯೆಯ ತಜ್ಞ ಅಂತ ಸಾಕ್ಷಿ ಹೇಳಿದವನ ಪದವಿ ಅಂಚೆ ಮೂಲಕ ಪಡೆದದ್ದು. 1994ರಲ್ಲಿ ಎಕಲ್ಸ್‌ಗೆ ಮರಣದಂಡನೆ, ಉಳಿದಿಬ್ಬರಿಗೆ ಜೀವಾವಧಿ. ಆಮೇಲೆ ನಡೆದ ಡಿಎನ್‌ಎ ಪರೀಕ್ಷೆಗಳಲ್ಲಿ ಈ ಮೂವರದ್ದು ಒಂದೂ ಹೊಂದಲಿಲ್ಲ. 2011ರ ಆಗಸ್ಟ್‌ನಲ್ಲಿ ಬಿಡುಗಡೆಯಾದರು, ಅದೂ ಕಾಗದದ ಮೇಲೆ ಅಪರಾಧಿಗಳಾಗಿಯೇ ಉಳಿಯುವ ಒಪ್ಪಂದದ ಮೇಲೆ. ಹದಿನೆಂಟು ವರ್ಷ ಜೈಲಿನಲ್ಲಿ ಹೋಯಿತು. ಆ ಮಕ್ಕಳನ್ನು ಕೊಂದವರಾರು ಅಂತ ಇನ್ನೂ ತೀರ್ಮಾನ ಆಗಿಲ್ಲ. ನಾನೂ ಆ ವಯಸ್ಸಿನಲ್ಲಿ ಅದೇ ಕಪ್ಪು ಟೀ ಶರ್ಟ್ ಹಾಕಿಕೊಂಡು ಅದೇ ಹಾಡು ಕೇಳುತ್ತಿದ್ದೆ.

ನಿಮ್ಮ ತಮ್ಮನ ಹತ್ತಿರ ವಾದ ಮಾಡಬೇಡಿ. ನಗಲೂ ಬೇಡಿ, ಅವನ ಭಯ ನಿಜವಾದದ್ದು. ಅವನಿಗೆ ಒಂದು ಕೆಲಸ ಕೊಡಿ. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಹಾಡು ಹಾಕಿ ಪೂರ್ತಿ ಆಯ್ಕೆ ಮಾಡಿ ರಿವರ್ಸ್ ಒತ್ತಿದರೆ ಆಯಿತು. ಅವನು ನಂಬಿರುವ ಹಾಡಿನ ಆ ತುಣುಕನ್ನು ಅವನ ಕೈಯಲ್ಲೇ ತಿರುಗಿಸಿ ಕೊಡಲು ಹೇಳಿ. ಅದನ್ನು ಆ ವಿಡಿಯೋ ನೋಡಿರದ ನಾಲ್ಕೈದು ಗೆಳೆಯರಿಗೆ ಕೇಳಿಸಲಿ. ಏನನ್ನೂ ಹೇಳದೆ, ಕೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ ಅನ್ನಲಿ. ಚೀಟಿಗಳನ್ನು ಅವನೇ ಬಿಚ್ಚಿ ಓದಲಿ. ಆಮೇಲೆ ವಿಡಿಯೋದಲ್ಲಿದ್ದ ಸಾಲು ತೋರಿಸಿ ಅದನ್ನೇ ಮತ್ತೆ ಹಾಕಲಿ. ವ್ಯತ್ಯಾಸ ಅವನ ಕಣ್ಣೆದುರೇ ಆಗುತ್ತದೆ.

ಇನ್ನೂ ತಿಳಿಯುವ ಮನಸ್ಸಿದ್ದರೆ ವೆಸ್ಟ್ ಮೆಂಫಿಸ್ ಕೇಸಿನ ಬಗ್ಗೆ 1996ರಲ್ಲಿ ಬಂದ 'ಪ್ಯಾರಡೈಸ್ ಲಾಸ್ಟ್' ಸಾಕ್ಷ್ಯಚಿತ್ರದ ವಿಷಯ ಹೇಳಿ. ಮೆಟಾಲಿಕಾ ತಮ್ಮ ಹಾಡುಗಳನ್ನು ಚಿತ್ರವೊಂದಕ್ಕೆ ಬಳಸಲು ಮೊದಲ ಸಲ ಒಪ್ಪಿದ್ದು ಅದಕ್ಕೇ. ಆದರೆ ಶುರುವಿನಲ್ಲೇ ಪೊಲೀಸರು ತೆಗೆದ ದೃಶ್ಯಗಳಿವೆ, ನೋಡಲು ತುಂಬಾ ಕಷ್ಟ. ಮೊದಲು ನೀವು ಒಬ್ಬರೇ ನೋಡಿ, ಅವನಿಗೆ ತೋರಿಸಬೇಕೋ ಬೇಡವೋ ಅಂತ ಆಮೇಲೆ ನಿರ್ಧಾರ ಮಾಡಿ.