ಸತ್ತವರಿಗಾಗಿ ಪ್ರಾರ್ಥನೆ: ಕ್ರೈಸ್ತರಲ್ಲೇ ಯಾಕೆ ಎರಡು ಮಾತು?

ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಕ್ಯಾಥೋಲಿಕ್ ಗೆಳತಿ ಸಮಾಧಿ ಮೇಲೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ, ಪ್ರೊಟೆಸ್ಟೆಂಟ್ ಸಹೋದ್ಯೋಗಿ ಅದು ತಪ್ಪು ಅನ್ನುತ್ತಾರೆ, ಬೈಬಲ್ ಒಂದೇ ಅಲ್ವಾ ಎಂದು ಕೇಳಿದ್ದೀರಿ.

ಪೂರ್ತಿ ಒಂದೇ ಅಲ್ಲ ಸರ್. ಕ್ಯಾಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ಆ ಹೆಚ್ಚಿನ ಏಳರಲ್ಲಿ ಒಂದಾದ ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯ ನೋಡಿ. ಯುದ್ಧದಲ್ಲಿ ಸತ್ತ ಸೈನಿಕರ ಅಂಗಿಯೊಳಗೆ ಅನ್ಯದೇವರ ತಾಯಿತ ಸಿಗುತ್ತದೆ. ಯೆಹೂದ್ಯರ ನಾಯಕ ಯೂದ ಸುಮ್ನೆ ಬೈದು ಬಿಡುವುದಿಲ್ಲ. ಹಣ ಕೂಡಿಸಿ, ಅವರ ಪಾಪ ಕಳೆಯುವ ಬಲಿಗೆಂದು ಜೆರುಸಲೇಮಿಗೆ ಕಳಿಸುತ್ತಾನೆ. ಸತ್ತವರ ಆತ್ಮ ಸ್ವರ್ಗಕ್ಕೆ ಹೋಗುವ ಮುನ್ನ ಶುದ್ಧವಾಗುವ ಶುದ್ಧೀಕರಣ ಸ್ಥಳದ (ಪರ್ಗೆಟರಿ) ನಂಬಿಕೆಗೆ ಕ್ಯಾಥೋಲಿಕರು ಕೊಡುವ ಆಧಾರಗಳಲ್ಲಿ ಇದೂ ಒಂದು. ಅಲ್ಲಿರುವವರು ಸ್ವರ್ಗ ಸೇರುವುದು ಖಚಿತ, ತಡ ಅಷ್ಟೇ. ಇದನ್ನು ಜಾಸ್ತಿ ಜನ ಸಣ್ಣ ನರಕ ಅಂದುಕೊಂಡುಬಿಡುತ್ತಾರೆ.

ಪ್ರೊಟೆಸ್ಟೆಂಟರಿಗೆ ಆ ಪುಸ್ತಕ ದೇವರ ವಾಕ್ಯವೇ ಅಲ್ಲ. ಅಂತ್ಯಕ್ರಿಯೆಯಲ್ಲಿ ಅವರು ಪ್ರಾರ್ಥಿಸುವುದು ಹೆಚ್ಚಾಗಿ ಮನೆಯವರ ಸಮಾಧಾನಕ್ಕೆ.